ಸೇತುವೆಯ ಮೇಲಿನ ಆರು ಬಿಲ್ಲುಗಾರರು

ಕಳೆದ ಮಳೆಗಾಲದಲ್ಲಿ ನಾವು ಬಿಟ್ಟ ಒಂದು ಅಪ್‌ಡೇಟ್ ನಮ್ಮ ಕಂಪ್ಯೂಟರ್ ಆಟವನ್ನು ಕೆಡಿಸಿತು. ಅದರಲ್ಲಿದ್ದ ಲೆಕ್ಕ ಪೂರ್ತಿ ನನ್ನದು. ಈ ಕೆಲಸಕ್ಕೆ ಬರಬೇಕೆಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಪ್ರಶ್ನೆ ಕೇಳುತ್ತಿರುತ್ತಾರೆ, ಹಾಗಾಗಿ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ನಾನಿರುವುದು ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮನೆಯಲ್ಲಿ. ಇಲ್ಲಿಂದಲೇ ಒಂದು ಸಣ್ಣ ಗೇಮ್ ಕಂಪೆನಿಗೆ ಕೆಲಸ ಮಾಡುತ್ತೇನೆ. ಹುದ್ದೆ ಕಾಂಬ್ಯಾಟ್ ಡಿಸೈನರ್. ಅಪ್ಪನಿಗೆ ಅರ್ಥವಾಗಲೆಂದು ಹೇಳಿದ್ದು ಹೀಗೆ: ರಾಕ್ಷಸನಿಗೆ ಎಷ್ಟು ಬಲ, ಅವನ ಒಂದು ಪೆಟ್ಟಿಗೆ ಎಷ್ಟು ನೋವು, ಅವನನ್ನು ಯಾವ ದಾರಿಯಿಂದ ಸೋಲಿಸಬಹುದು ಎಂದು ತೀರ್ಮಾನಿಸುವುದು. ನಮ್ಮದು ಟರ್ನ್ ಲೆಕ್ಕದ ಫ್ಯಾಂಟಸಿ ಆಟ. ನಾಲ್ಕು ಜನರ ಪಡೆ, ಎದುರಿಗೆ ಶತ್ರುಗಳು. ಮೊದಲು ನೀವು, ಆಮೇಲೆ ಅವರು.

ಆಟ ಇನ್ನೂ ಅರ್ಲಿ ಆಕ್ಸೆಸ್‌ನಲ್ಲಿದೆ. ಎಂದರೆ ಮುಗಿಯದ ಆಟವನ್ನೇ ಮಾರಿ, ಆಡಿದವರ ಮಾತು ಕೇಳುತ್ತಾ ಉಳಿದದ್ದನ್ನು ಕಟ್ಟುವುದು. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಇದನ್ನು ಶುರುಮಾಡಿದ್ದು 2013ರಲ್ಲಿ. ಬಾಲ್ಡರ್ಸ್ ಗೇಟ್ 3 ಎಂಬ ಹೆಸರಾದ ಆಟ ಕೂಡ ಈ ದಾರಿಯಲ್ಲೇ ಬಂತು: 2020ರ ಅಕ್ಟೋಬರ್‌ನಲ್ಲಿ ಮೊದಲ ಅಂಕ ಮಾತ್ರ ಜನರ ಕೈಗೆ ಸಿಕ್ಕಿತು, ಪೂರ್ತಿ ಆಟ ಬಂದದ್ದು 2023ರ ಆಗಸ್ಟ್ 3ಕ್ಕೆ. ಆ ಮೂರು ವರ್ಷ ಆಟಗಾರರು ಅದೇ ಅಂಕವನ್ನು ಮತ್ತೆ ಮತ್ತೆ ಆಡುತ್ತಿದ್ದರು. ನಮ್ಮ ಆಟದಲ್ಲೂ ಹಾಗೆಯೇ. ಈ 'ಮತ್ತೆ ಮತ್ತೆ' ಎಂಬುದರಲ್ಲೇ ನಾನು ಎಡವಿದ್ದು.

ಎರಡನೆಯ ಅಧ್ಯಾಯದಲ್ಲಿ ಒಂದು ಸೇತುವೆ ಇದೆ. ಅದರ ಮೇಲೆ ನಾಲ್ವರು ಬಿಲ್ಲುಗಾರರು. ನಮಗೆ ಬರುತ್ತಿದ್ದ ದೂರುಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತಿದ್ದವು: ಈ ಕಾಳಗ ತೀರಾ ಸುಲಭ. ಬರೆದವರೆಲ್ಲ ನಮ್ಮ ಮೊದಲ ದಿನದ ಆಟಗಾರರು, ಆ ಸೇತುವೆಯನ್ನು ಮತ್ತೆ ಮತ್ತೆ ದಾಟಿದವರು. ಎಷ್ಟು ಪ್ರೀತಿಯಿಂದ, ಎಷ್ಟು ವಿವರವಾಗಿ ಬರೆಯುತ್ತಿದ್ದರೆಂದರೆ ಅವರ ಮಾತನ್ನು ತಳ್ಳಿಹಾಕಲು ಮನಸ್ಸು ಬರಲಿಲ್ಲ. ನಾಲ್ವರಿದ್ದಲ್ಲಿ ಆರು ಜನರನ್ನು ನಿಲ್ಲಿಸಿದೆ. ಒಂದೂವರೆ ಪಟ್ಟು ಶತ್ರುಗಳು, ಹಾಗಾದರೆ ಒಂದೂವರೆ ಪಟ್ಟು ಕಷ್ಟ ಎಂಬುದು ನನ್ನ ಅಂದಾಜು.

ಆ ಅಂದಾಜು ಎಲ್ಲಿ ತಪ್ಪಿತು ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಅಂಕಿಗಳನ್ನು ಸರಳ ಮಾಡಿಕೊಳ್ಳುತ್ತೇನೆ. ಒಬ್ಬೊಬ್ಬ ಬಿಲ್ಲುಗಾರನಿಗೆ 60 ಹೆಲ್ತ್, ಎಂದರೆ ಒಟ್ಟು ಅಷ್ಟು ಪೆಟ್ಟು ತಿಂದರೆ ಬೀಳುತ್ತಾನೆ. ಅವನ ಬಾಣಕ್ಕೆ 10 ಡ್ಯಾಮೇಜ್. ನಮ್ಮ ಪಡೆಯ ನಾಲ್ವರೂ ತಲಾ 15ರಂತೆ ಒಂದು ಸುತ್ತಿಗೆ 60 ಕೊಡುತ್ತಾರೆ, ಅಂದರೆ ಸುತ್ತಿಗೊಬ್ಬ ಬೀಳುತ್ತಾನೆ. ಪ್ರತಿ ಸುತ್ತಿನಲ್ಲೂ ಮೊದಲ ಸರದಿ ನಮ್ಮದು. ಒಬ್ಬ ಬಿದ್ದ, ಉಳಿದ ಮೂವರು ಬಾಣ ಬಿಟ್ಟರು. ಮುಂದಿನ ಸುತ್ತಿನಲ್ಲಿ ಇಬ್ಬರು, ಆಮೇಲೆ ಒಬ್ಬ. ಒಟ್ಟು ಆರು ಬಾಣ, 60 ಡ್ಯಾಮೇಜ್.

ಈಗ ಬಾಣದ ಪೆಟ್ಟನ್ನು ಮಾತ್ರ ಒಂದೂವರೆ ಪಟ್ಟು ಮಾಡಿ. ಅದೇ ಆರು ಬಾಣ, ಒಟ್ಟು 90. ಪೆಟ್ಟನ್ನು ಹಾಗೇ ಬಿಟ್ಟು ಹೆಲ್ತನ್ನು 60ರಿಂದ 90ಕ್ಕೆ ಏರಿಸಿ: ಮೊದಲ ಸುತ್ತಿನಲ್ಲಿ ಯಾರೂ ಬೀಳುವುದಿಲ್ಲ, ನಾಲ್ಕು ಬಾಣ ಬರುತ್ತವೆ, ಆಮೇಲೆ ಮೂರು, ಎರಡು, ಎರಡು, ಒಂದು. ಹನ್ನೆರಡು ಬಾಣ, 120. ಎರಡನ್ನೂ ಮುಟ್ಟದೆ ಶತ್ರುಗಳನ್ನು ಮಾತ್ರ ಆರಾಗಿಸಿ: ಐದು, ನಾಲ್ಕು, ಮೂರು, ಎರಡು, ಒಂದು. ಹದಿನೈದು ಬಾಣ, 150 ಡ್ಯಾಮೇಜ್.

ಮೂರರಲ್ಲೂ ನಾನು ಮಾಡಿದ್ದು 'ಒಂದೂವರೆ ಪಟ್ಟು' ಬದಲಾವಣೆಯೇ. ಮೊದಲಿನದರಲ್ಲಿ ಕಷ್ಟ ಒಂದೂವರೆ ಪಟ್ಟಾಯಿತು, ಎರಡನೆಯದರಲ್ಲಿ ಎರಡು ಪಟ್ಟು, ಮೂರನೆಯದರಲ್ಲಿ ಎರಡೂವರೆ ಪಟ್ಟು. ಇಷ್ಟಕ್ಕೇ ನಿಲ್ಲುವುದೂ ಇಲ್ಲ. ಮಧ್ಯದಲ್ಲಿ ನಮ್ಮವನೊಬ್ಬ ಬಿದ್ದರೆ ನಮ್ಮ 60 ಎಂಬುದು 45ಕ್ಕೆ ಇಳಿಯುತ್ತದೆ, ಬಿಲ್ಲುಗಾರರು ಇನ್ನಷ್ಟು ಹೊತ್ತು ಉಳಿಯುತ್ತಾರೆ, ಆಗ ಇನ್ನೊಬ್ಬನೂ ಬೀಳುತ್ತಾನೆ. ಸೈನ್ಯದ ಬಲ ಅದರ ಸಂಖ್ಯೆಯ ವರ್ಗಕ್ಕೆ (ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ ಎಂಬುದನ್ನು ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ಮೊದಲ ಮಹಾಯುದ್ಧದ ಕಾಲದಲ್ಲೇ ಸೂತ್ರ ಮಾಡಿಟ್ಟಿದ್ದ. ಅದನ್ನು ಓದಿಯೂ ಇದ್ದೆ. ಓದಿದ್ದು ಕೈಗೆ ಬರಲಿಲ್ಲ.

ಅಪ್‌ಡೇಟ್ ಬಿಟ್ಟ ವಾರ ಹಳಬರು ಸಂತೋಷಪಟ್ಟರು. ಹೊಸಬರು ಏನೂ ಬರೆಯಲಿಲ್ಲ. ಹೊಸಬ ದೂರು ಬರೆಯುವುದಿಲ್ಲ, ಆಟ ಮುಚ್ಚಿ ಎದ್ದುಹೋಗುತ್ತಾನೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಸೇತುವೆ ದಾಟದೆ ನಿಂತುಹೋದ ಸೇವ್ ಫೈಲ್‌ಗಳು (ಆಟ ಎಲ್ಲಿಗೆ ಮುಟ್ಟಿತೆಂದು ಉಳಿಸಿಡುವ ಕಡತಗಳು) ಹೆಚ್ಚುತ್ತಿರುವುದನ್ನು ಸಹೋದ್ಯೋಗಿಯೊಬ್ಬರು ತೋರಿಸಿದಾಗಲೂ, ನಾಲ್ಕು ದಿನ ಕಳೆದರೆ ಕಲಿತುಕೊಳ್ಳುತ್ತಾರೆ ಎಂದೆ.

ಕಣ್ಣು ತೆರೆಸಿದ್ದು ಅಕ್ಕನ ಮಗಳು. ಡಿಗ್ರಿ ಓದುತ್ತಿದ್ದಾಳೆ. ಜುಲೈಯಲ್ಲಿ ಜೋರು ಮಳೆಗೆ ರಜೆ ಸಿಕ್ಕಿ ಮನೆಗೆ ಬಂದವಳು ನನ್ನ ಕಂಪ್ಯೂಟರಿನಲ್ಲಿ ಆಡಲು ಕೂತಳು. ನಾನು ಹಿಂದೆ ಕುರ್ಚಿ ಹಾಕಿಕೊಂಡು, ಒಂದು ಮಾತೂ ಆಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ ಕೂತೆ. ಸೇತುವೆಗೆ ಬಂದಳು. ಸೋತಳು. ಮತ್ತೆ ಸೋತಳು. ಮೂರನೆಯ ಸಲ ತಿರುಗಿ ನೋಡಿದಳು.

"ಮಾವ, ನಾನು ಸತ್ತದ್ದು ಯಾಕೆ?"

ಅವಳು 'ಇದು ಕಷ್ಟ' ಎಂದಿದ್ದರೆ ಸರಿ, ಅಂಕಿ ಇಳಿಸುತ್ತಿದ್ದೆ. ಅವಳು ಕೇಳಿದ್ದು ಬೇರೆ. ಬಿಲ್ಲುಗಾರರಲ್ಲಿ ಇಬ್ಬರು ಮಂಜಿನ ಹಿಂದೆ ಇದ್ದರು, ಅವಳಿಗೆ ಕಂಡೇ ಇರಲಿಲ್ಲ. ಅವರ ಬಾಣಕ್ಕೆ ವಿಷ ಇತ್ತು, ಅದರ ವಿವರ ಒಂದು ಉದ್ದದ ಇಂಗ್ಲಿಷ್ ಪ್ಯಾರಾದಲ್ಲಿತ್ತು.

"ಅಲ್ಲಿ ಬರೆದದ್ದು ಓದಲಿಲ್ಲವಾ?" ಎಂದೆ.

"ಅಷ್ಟುದ್ದ ಯಾರು ಓದ್ತಾರೆ ಮಾವ, ಅದೂ ಬಾಣ ಬೀಳುವಾಗ?"

ನಮ್ಮ ಕಾಸರಗೋಡಿನ ಮಕ್ಕಳು ಭಾಷೆಗೆ ಹೆದರುವವರಲ್ಲ. ಮನೆಯಲ್ಲಿ ಹವಿಗನ್ನಡವೋ ತುಳುವೋ, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷ್ ಎಂದು ದಿನಕ್ಕೆ ನಾಲ್ಕು ಸಲ ನಾಲಿಗೆ ಬದಲಿಸುತ್ತಾರೆ. ಅಂಥವಳಿಗೇ ಆ ಪ್ಯಾರಾ ಓದಲಾಗದಿದ್ದರೆ ತಪ್ಪು ಪ್ಯಾರಾದ್ದು. ಅವಳಿಗೆ ಕಷ್ಟವಾದದ್ದು ಕಾಳಗವಲ್ಲ, ಅದನ್ನು ಓದಿಕೊಳ್ಳುವುದು. ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಅಜ್ಜನಿಗೂ ಇದೇ ದೂರು ಹೇಳಿದಳು. ಅಪ್ಪ ಯಕ್ಷಗಾನ ಬಿಟ್ಟು ಇರುವವರಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ದೂರವೂ ಅಲ್ಲ. ಅವರು ಕೇಳಿದ್ದು ಇಷ್ಟೇ: "ನಿನ್ನ ರಾಕ್ಷಸ ಬರುವ ಮೊದಲು ಆರ್ಭಟೆ ಇಲ್ಲವಾ?"

ತೆಂಕುತಿಟ್ಟಿನ ಬಣ್ಣದ ವೇಷ ನೋಡಿದವರಿಗೆ ಆ ಪ್ರಶ್ನೆಯ ತೂಕ ಗೊತ್ತು. ರಾಕ್ಷಸ ಎದುರಿಗೆ ಬರುವ ಮೊದಲು ದೂರದಿಂದ ಕೂಗು ಕೇಳುತ್ತದೆ. ಚೆಂಡೆ ಏರುತ್ತದೆ. ದೊಂದಿ ಉರಿಯುತ್ತದೆ, ರಾಳದ ಹುಡಿ ಬಿದ್ದು ಬೆಂಕಿ ಭಗ್ಗನೆ ಎದ್ದೇಳುತ್ತದೆ. ಮಕ್ಕಳು ಆಗಲೇ ಅಜ್ಜಿಯ ಸೆರಗು ಹಿಡಿದಾಗಿರುತ್ತದೆ. ಏನು ಬರುತ್ತಿದೆ ಎಂದು ಸಭೆಗೆಲ್ಲ ಗೊತ್ತು, ಗೊತ್ತಿದ್ದೂ ಎದೆ ನಡುಗುತ್ತದೆ. ನಾನು ಇದನ್ನೆಲ್ಲ ಚಿಕ್ಕಂದಿನಿಂದ ನೋಡಿದವನು. ಹಾಗಿದ್ದೂ ಇಬ್ಬರು ಬಿಲ್ಲುಗಾರರನ್ನು ಮಂಜಿನ ಹಿಂದೆ ಸದ್ದಿಲ್ಲದೆ ನಿಲ್ಲಿಸಿ, ಅದನ್ನೇ ಕಷ್ಟ ಎಂದುಕೊಂಡಿದ್ದೆ.

ಮಾರನೆಯ ವಾರ ಸೇತುವೆಯನ್ನು ಬಿಚ್ಚಿ ಕಟ್ಟಿದೆವು. ಬಿಲ್ಲುಗಾರರು ಆರು ಜನ ಇದ್ದಂತೆಯೇ ಇದ್ದಾರೆ. ಆದರೆ ಇಬ್ಬರು ಎರಡನೆಯ ಸುತ್ತಿನ ಕೊನೆಗೆ ಬರುತ್ತಾರೆ, ಬರುವ ಮೊದಲು ಕೊಂಬು ಊದುತ್ತಾರೆ. ಮೊದಲ ನಾಲ್ವರಲ್ಲಿ ಇಬ್ಬರು ಆಗಲೇ ಬಿದ್ದಿರುತ್ತಾರಾದ್ದರಿಂದ ಒಮ್ಮೆಗೆ ಎದುರಿಸಬೇಕಾದದ್ದು ಎಂದೂ ನಾಲ್ವರಿಗಿಂತ ಹೆಚ್ಚಿಲ್ಲ. ವಿಷದ ಪ್ಯಾರಾ ತೆಗೆದು, ಬಾಣದ ತುದಿಗೆ ಹಸಿರು ಹೊಗೆ ಹಾಕಿದೆವು. ಪಕ್ಕದಲ್ಲಿ 'ಮೂರು ಸುತ್ತು, ಸುತ್ತಿಗೆ 4' ಎಂಬಷ್ಟು ಮಾತ್ರ. ವಿಷದ ಬಾಣ ಹೂಡುವವನು ಒಂದು ಸುತ್ತು ಮೊದಲೇ ಬತ್ತಳಿಕೆಗೆ ಕೈ ಹಾಕುತ್ತಾನೆ. ಗಮನಿಸಿದವರು ಅವನನ್ನೇ ಮೊದಲು ಹೊಡೆಯಬಹುದು.

ಏಟು ತಾಗುತ್ತದೋ ತಪ್ಪುತ್ತದೋ ಎಂದು ತೀರ್ಮಾನಿಸುವ ದಾಳದ ವಿಷಯವೂ ಆಗಲೇ ಎದ್ದಿತು. 85% ತಾಗುತ್ತದೆ ಎಂದು ತೋರಿಸಿದ ಏಟು ಸತತ ಎರಡು ಸಲ ತಪ್ಪಿದರೆ ಆಟಗಾರ ಮೋಸ ಎನ್ನುತ್ತಾನೆ. ಒಮ್ಮೆಗೆ ಅದರ ಸಾಧ್ಯತೆ 2.25% ಮಾತ್ರ. ಆದರೆ ಸಂಜೆಗೆ ನಲವತ್ತು ಏಟು ಹಾಕುವವನಿಗೆ ಅಂಥ ಜೋಡಿ ತಪ್ಪು ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ಇದಕ್ಕೆ ಬೇರೆ ಬೇರೆಯವರು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಫೈರ್ ಎಂಬ್ಲೆಮ್ ಸರಣಿಯ ಹಲವು ಆಟಗಳು, 2002ರ ಕಂತಿನಿಂದ, ದಾಳ ಹಾಕಿದಂತೆ ಎರಡು ಸಂಖ್ಯೆ ಎತ್ತಿ, ಅವುಗಳ ಸರಾಸರಿ ತೋರಿಸಿದ ಸಂಖ್ಯೆಗಿಂತ ಕಡಿಮೆ ಇದ್ದರೆ ಏಟು ತಾಗಿತು ಎನ್ನುತ್ತವೆ. ಅಲ್ಲಿ 90% ಎಂದು ತೋರಿಸಿದ್ದು ನಿಜಕ್ಕೂ ಸುಮಾರು 98%. ಬಾಲ್ಡರ್ಸ್ ಗೇಟ್ 3ರಲ್ಲಿ ಸತತ ದುರದೃಷ್ಟ ತಡೆಯುವ ದಾಳ ಅರ್ಲಿ ಆಕ್ಸೆಸ್ ಕಾಲದಲ್ಲೇ ಸೇರಿತು, ಬೇಡವಾದರೆ ಆಟಗಾರನೇ ತೆಗೆದುಹಾಕಬಹುದು. ನನಗೆ ಎರಡನೆಯದೇ ಹಿಡಿಸುವುದು. ಪರದೆಯ ಮೇಲೆ ಒಂದು ಸಂಖ್ಯೆ, ಒಳಗೆ ಇನ್ನೊಂದು ಎಂಬುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಎಷ್ಟೇ ಒಳ್ಳೆಯ ಉದ್ದೇಶದ್ದಾಗಿರಲಿ.

ಸುಲಭದ ಮೋಡ್‌ನಲ್ಲಿ ಮೊದಲು ಶತ್ರುವಿನ ಹೆಲ್ತ್ ಅರ್ಧ ಮಾಡಿ ಕೈತೊಳೆದುಕೊಂಡಿದ್ದೆವು. ಹಾಗೆ ಮಾಡಿದರೆ ಆಟಗಾರ ಏನನ್ನೂ ಕಲಿಯುವ ಮೊದಲೇ ಕಾಳಗ ಮುಗಿದಿರುತ್ತದೆ, ಮುಂದಿನ ಅಧ್ಯಾಯದಲ್ಲಿ ಪೂರ್ತಿ ಕಂಗಾಲಾಗುತ್ತಾನೆ. ಹೇಡೀಸ್ ಆಟದವರ ಉಪಾಯ ನೋಡಿ: ಗಾಡ್ ಮೋಡ್ ಹಾಕಿಕೊಂಡರೆ ಬೀಳುವ ಪೆಟ್ಟಿನಲ್ಲಿ 20% ಕಡಿತ, ಪ್ರತಿ ಸಾವಿಗೆ ಇನ್ನೂ 2%, ಗರಿಷ್ಠ 80%. ರಾಕ್ಷಸರು ಮಾಡುವುದೆಲ್ಲ ಹಾಗೇ ಇರುತ್ತದೆ, ಕಲಿಯಲು ಸಮಯ ಮಾತ್ರ ಹೆಚ್ಚು ಸಿಗುತ್ತದೆ. ನಾವೂ ಆ ಕಡೆಗೆ ಹೊರಳಿದ್ದೇವೆ. ಹಳೆಯ ಆಟಗಾರರಿಗೆ ಬೇರೆಯೇ ಕಠಿಣ ಮೋಡ್ ಇದೆ. ಅಲ್ಲಿ ಆರು ಬಿಲ್ಲುಗಾರರೂ ಒಟ್ಟಿಗೇ ಬರುತ್ತಾರೆ, ಕೊಂಬು ಮಾತ್ರ ಅಲ್ಲೂ ಊದುತ್ತಾರೆ.

ಕೆಲಸದ ರೀತಿಯಲ್ಲಿ ಒಂದೇ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಒಂದು ಅಪ್‌ಡೇಟ್‌ನಲ್ಲಿ ಒಂದು ಕಾಳಗದ ಒಂದೇ ಅಂಕಿ ಮುಟ್ಟುವುದು, ಅದನ್ನು ಮುಟ್ಟುವ ಮೊದಲು ಆ ಕಾಳಗವನ್ನು ಎಂದೂ ಆಡದ ಒಬ್ಬರ ಹಿಂದೆ ಬಾಯಿ ಮುಚ್ಚಿ ಕೂರುವುದು. ಅವರು ಸೋತಾಗ ಕೇಳುವ ಪ್ರಶ್ನೆಯೂ ಒಂದೇ: "ಈಗ ಸೋತದ್ದು ಯಾಕೆ ಅಂತ ಅನಿಸಿತು?" ಅವರು ಹೇಳುವ ಕಾರಣವೂ ನನ್ನ ಲೆಕ್ಕದ ಕಾರಣವೂ ಒಂದೇ ಆಗಿದ್ದರೆ ಮಾತ್ರ ಅಂಕಿ ತಿದ್ದುತ್ತೇನೆ. ಬೇರೆ ಬೇರೆ ಆಗಿದ್ದರೆ ತಿದ್ದಬೇಕಾದದ್ದು ಚಿತ್ರ, ಸದ್ದು, ಇಲ್ಲವೇ ಬರಹ.

ಈ ವಾರ ಮೂರನೆಯ ಅಧ್ಯಾಯದ ಕೋಟೆ ಬಾಗಿಲಿನ ಕಾಳಗ ಕೈಗೆ ಬಂದಿದೆ. ಬಾಗಿಲಲ್ಲಿ ನಿಲ್ಲುವ ದೈತ್ಯನ ಹೆಲ್ತ್ 400 ಇರಬೇಕು ಎನ್ನುತ್ತದೆ ನನ್ನ ಲೆಕ್ಕ. ಹಳಬರು ಸಾಲದು ಎಂದು ಈಗಲೇ ಬರೆದಿದ್ದಾರೆ. ಅಕ್ಕನ ಮಗಳಿಗೆ ಪರೀಕ್ಷೆ ನಡೆಯುತ್ತಿದೆ, ಶನಿವಾರ ಮಧ್ಯಾಹ್ನ ಬರುತ್ತೇನೆ ಎಂದಿದ್ದಾಳೆ. ಅಲ್ಲಿಯವರೆಗೆ ಆ ಕೋಷ್ಟಕವನ್ನು ನಾನು ತೆರೆಯುವುದಿಲ್ಲ.