"ಅರ್ಥ ಆಯ್ತು ಮಿಸ್" ಅಂದಾಗ ನಾನು ನಂಬಿಬಿಟ್ಟಿದ್ದೆ

ನಾಲ್ಕನೇ ತರಗತಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ತರಗತಿಗೆ ಪ್ರೊಜೆಕ್ಟರ್ ಬಂದ ವರ್ಷ ಭಿನ್ನರಾಶಿ ಪಾಠವನ್ನು ಪೂರ್ತಿ ವಿಡಿಯೊಗಳಲ್ಲೇ ಮಾಡಿದೆ. ಬಣ್ಣದ ವೃತ್ತ ತಾನಾಗಿ ಹೋಳಾಗುತ್ತಿತ್ತು, ಹೋಳುಗಳು ಹಾರಿಬಂದು ಮತ್ತೆ ಸೇರಿಕೊಳ್ಳುತ್ತಿದ್ದವು. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. "ಅರ್ಥ ಆಯ್ತಾ?" ಅಂದರೆ "ಆಯ್ತು ಮಿಸ್" ಅಂತ ಒಂದೇ ದನಿ. ಗಲಾಟೆ ಇಲ್ಲ, ಆಕಳಿಕೆ ಇಲ್ಲ. ಪಾಠ ಚೆನ್ನಾಗಿ ಹೋಯಿತು ಅಂದುಕೊಂಡೆ.

ಆಗಷ್ಟೇ ಪ್ಲಿಕರ್ಸ್ ಕಾರ್ಡ್ ಬಳಸಲು ಶುರು ಮಾಡಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್. ಅದರ ಮೇಲೆ ಕಪ್ಪು ಚೌಕಗಳ ಒಂದು ಆಕಾರ, ಒಂದೊಂದು ಕಾರ್ಡಿಗೂ ಬೇರೆ ಬೇರೆ. ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಪುಟ್ಟ ಅಕ್ಷರ. ತನ್ನ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಮಗು ಕಾರ್ಡ್ ಎತ್ತಿ ಹಿಡಿಯಬೇಕು. ಟೀಚರ್ ತನ್ನ ಫೋನಿನ ಕ್ಯಾಮೆರಾವನ್ನು ಒಂದು ಸಲ ಆಚೀಚೆ ಆಡಿಸಿದರೆ ಸಾಕು, ಯಾರು ಏನು ಹೇಳಿದರು ಅಂತ ಪರದೆಯಲ್ಲಿ ಬರುತ್ತದೆ. ಮಕ್ಕಳಿಗೆ ಫೋನೂ ಬೇಡ, ಟ್ಯಾಬೂ ಬೇಡ. ಅಕ್ಷರ ಅಷ್ಟು ಚಿಕ್ಕದಾದ್ದರಿಂದ ಪಕ್ಕದವರ ಉತ್ತರ ಕಾಣುವುದಿಲ್ಲ. ಕೈ ಎತ್ತಲು ಹೆದರುವ ಮಗುವೂ ಉತ್ತರ ಕೊಡುತ್ತದೆ. ನನಗೆ ಇದು ತುಂಬಾ ಇಷ್ಟವಾದದ್ದು ಅದಕ್ಕೇ.

ಒಂದು ವಾರದ ವಿಡಿಯೊ ಪಾಠ ಮುಗಿದ ಮೇಲೆ ಕೇಳಿದೆ: 1/3, 1/4, ಇವುಗಳಲ್ಲಿ ಯಾವುದು ದೊಡ್ಡದು? ಅರ್ಧಕ್ಕಿಂತ ಜಾಸ್ತಿ ಮಕ್ಕಳು 1/4 ಅಂದಿದ್ದರು. ಯಾಕೆ ಅಂತ ಕೇಳಿದರೆ ಒಬ್ಬಳು ಹೇಳಿದಳು, "ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಮಿಸ್?"

ಆ ಮಾತಲ್ಲಿ ತರ್ಕ ಇದೆ. ಮೂರು ವರ್ಷ ಅವಳು ಕಲಿತ ಸಂಖ್ಯೆಗಳೆಲ್ಲ ಹಾಗೇ ನಡೆದುಕೊಂಡಿದ್ದವು. ವಿಡಿಯೊ ಅವಳ ಈ ನಂಬಿಕೆಯ ತಂಟೆಗೇ ಹೋಗಿರಲಿಲ್ಲ.

ಮರುದಿನ ಪ್ರೊಜೆಕ್ಟರ್ ಹಾಕಲಿಲ್ಲ. ಒಂದೇ ಅಳತೆಯ ಎರಡೆರಡು ಕಾಗದದ ಪಟ್ಟಿ ಕೊಟ್ಟೆ. ಒಂದನ್ನು ನಾಲ್ಕು ಸಮಭಾಗ ಮಾಡಿ ಮಡಚಿ, ಇನ್ನೊಂದನ್ನು ಮೂರು. ನಾಲ್ಕು ಸುಲಭ, ಎರಡು ಸಲ ಅರ್ಧ ಮಾಡಿದರಾಯಿತು. ಮೂರು ಮಾಡುವುದರಲ್ಲಿ ಎಲ್ಲರೂ ಒದ್ದಾಡಿದರು. ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಒಬ್ಬ ಹುಡುಗ ತನ್ನ ಸೊಟ್ಟ ಪಟ್ಟಿ ಹಿಡಿದುಕೊಂಡು ಬಂದು ಕೇಳಿದ, "ಮಿಸ್, ಮೂರು ಭಾಗ ಆಗಿದೆ, ಆದ್ರೆ ಒಂದು ದೊಡ್ಡದಾಗಿದೆ. ನಡೆಯಲ್ವಾ?" ಭಿನ್ನರಾಶಿಯ ಜೀವವೇ ಆ ಪ್ರಶ್ನೆಯಲ್ಲಿದೆ. ವಿಡಿಯೊದಲ್ಲಿ ಹೋಳುಗಳು ಯಾವಾಗಲೂ ಸಮನಾಗಿಯೇ ಬರುತ್ತಿದ್ದವು, ಹಾಗಾಗಿ ಯಾರಿಗೂ ಅದನ್ನು ಕೇಳಬೇಕು ಅನಿಸಿರಲಿಲ್ಲ.

ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಅದೇ ಹಳೆಯ ವಿಡಿಯೊ ಹಾಕಿದೆ. ಈ ಸಲ ವೃತ್ತ ಐದು ಹೋಳಾಗುವ ಮುಂಚೆ ನಿಲ್ಲಿಸಿದೆ. "ಈಗ ಒಂದು ಹೋಳು ಹಿಂದಿನದಕ್ಕಿಂತ ದೊಡ್ಡದಾಗುತ್ತಾ, ಚಿಕ್ಕದಾಗುತ್ತಾ? ಮೊದಲು ಬರೆಯಿರಿ." ಬರೆದ ಮೇಲೆ ಪ್ಲೇ ಒತ್ತಿದೆ. ತರಗತಿ ಪೂರ್ತಿ ಕೂಗಾಟ. ವಿಡಿಯೊ ಅದೇ, ಆದರೆ ಈಗ ಪ್ರತಿಯೊಬ್ಬರೂ ಅದರಲ್ಲಿ ತಮ್ಮ ಉತ್ತರ ಹುಡುಕುತ್ತಿದ್ದರು.

ಪೆರು ದೇಶದ ಒಂದು ಅಧ್ಯಯನವನ್ನು ಆಮೇಲೆ ಓದಿದೆ. 'ಒಂದು ಮಗುವಿಗೆ ಒಂದು ಲ್ಯಾಪ್‌ಟಾಪ್' ಯೋಜನೆ ಅಲ್ಲಿ ದೊಡ್ಡದಾಗಿ ನಡೆದಿತ್ತು. 319 ಪ್ರಾಥಮಿಕ ಶಾಲೆಗಳನ್ನು ಹೋಲಿಸಿ ನೋಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳು ಕಂಪ್ಯೂಟರ್ ಬಳಸುವುದು ಜಾಸ್ತಿ ಆಗಿತ್ತು, ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಮಾತ್ರ ಏನೂ ಏರಿಕೆ ಕಾಣಲಿಲ್ಲ. ಓದುವಾಗ ನನಗೆ ನೆನಪಾದದ್ದು ಆ ಒಂದು ವಾರದ ನನ್ನ ಶಾಂತ ತರಗತಿ.

ಅಲ್ಲಿಂದ ಯಾವ ಸಾಧನ ಬಂದರೂ ಒಂದೇ ಮಾತು ಕೇಳಿಕೊಳ್ಳುತ್ತೇನೆ: ಮಗುವಿನ ತಲೆಯಲ್ಲಿ ಏನಿದೆ ಅಂತ ಇದು ನನಗೋ ಮಗುವಿಗೋ ತೋರಿಸುತ್ತಾ? ಹೀಗೆ ನೋಡಿದರೆ ಫೋನಿನ ಸಾದಾ ವಾಯ್ಸ್ ರೆಕಾರ್ಡರ್ ನನ್ನ ಕೈಯಲ್ಲಿರುವ ಒಳ್ಳೆಯ ಸಾಧನಗಳಲ್ಲಿ ಒಂದು. ಗಡಗಡ ಓದುವ ಒಬ್ಬಳು ಹುಡುಗಿ ಇದ್ದಳು. "ನಿಧಾನ ಓದು ಪುಟ್ಟಿ" ಅಂತ ಎಷ್ಟು ಸಲ ಹೇಳಿದ್ದೆನೋ. ಒಂದು ದಿನ ಅವಳು ಓದಿದ್ದನ್ನು ಅವಳಿಗೇ ಕೇಳಿಸಿದೆ. ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಕೇಳಿದಳು. ಎರಡನೇ ವಾಕ್ಯಕ್ಕೇ ಬೆರಳು ನಿಂತಿತು. "ನಾನು ಪೂರ್ಣವಿರಾಮಕ್ಕೆ ನಿಲ್ಲೋದೇ ಇಲ್ಲ ಮಿಸ್! ಇನ್ನೊಂದ್ಸಲ ಓದ್ಲಾ?" ಅಂದಳು. ನಾಲ್ಕು ಸಲ ಓದಿದಳು, ನಾನು ಬಾಯಿ ಬಿಡಲಿಲ್ಲ. (ಮಕ್ಕಳ ದನಿಯನ್ನು ಅದೇ ದಿನ ಅಳಿಸಿಬಿಡುತ್ತೇನೆ. ಯಾವ ಗ್ರೂಪಿಗೂ ಹಾಕುವುದಿಲ್ಲ. ಅದು ಅವರದ್ದು.)

ಟ್ಯಾಬ್‌ಗಳು ಸಾಕಷ್ಟು ಇದ್ದರೂ ಇಬ್ಬರಿಗೆ ಒಂದೇ ಕೊಡುತ್ತೇನೆ. ಒಬ್ಬರೇ ಇದ್ದರೆ ಸುಮ್ನೆ ಒತ್ತುತ್ತಾ ಹೋಗುತ್ತಾರೆ. ಇಬ್ಬರಿದ್ದರೆ "ತಡಿ, ಅದಲ್ಲ, ಯಾಕಂದ್ರೆ..." ಅಂತ ಶುರುವಾಗುತ್ತದೆ. ಆ "ಯಾಕಂದ್ರೆ" ಕೇಳಲು ನಾನು ಬೆಂಚುಗಳ ನಡುವೆ ಓಡಾಡುತ್ತಿರುತ್ತೇನೆ.

ಈ ವರ್ಷ ಭಿನ್ನರಾಶಿಯನ್ನು ಆ ಪ್ರಶ್ನೆಯಿಂದಲೇ ಶುರು ಮಾಡಿದೆ. ಇವತ್ತೂ ಬಹಳ ಮಕ್ಕಳು 1/4 ದೊಡ್ಡದು ಅಂತ ಕಾರ್ಡ್ ಎತ್ತಿದರು. ನಾನು ಸರಿ ತಪ್ಪು ಏನೂ ಹೇಳಲಿಲ್ಲ. ಕಾಗದದ ಪಟ್ಟಿಗಳನ್ನು ಕತ್ತರಿಸಿ ಇಟ್ಟಿದ್ದೇನೆ, ನಾಳೆ ಮೊದಲ ಪೀರಿಯಡ್‌ಗೆ ಮಡಚುವುದು.