ಚಾರ್ಜ್ ಆಗದ ಲ್ಯಾಪ್‌ಟಾಪ್: ತೊಂದರೆ ಮೂರನೇ ವೈರಿನಲ್ಲಿತ್ತು

ಹಳೆ ಲ್ಯಾಪ್‌ಟಾಪ್ ರಿಪೇರಿ ಒಂದು ಹಂತಕ್ಕೆ ಬಂತು. ಅಡಾಪ್ಟರ್ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಆನ್ ಆಗುತ್ತಿತ್ತು, ನಿಧಾನವಾಗಿಯಾದರೂ ಕೆಲಸ ಮಾಡುತ್ತಿತ್ತು. ಬ್ಯಾಟರಿ ಮಾತ್ರ 11% ಬಿಟ್ಟು ಮೇಲೇರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಮೊದಲ ಅನುಮಾನ ಬ್ಯಾಟರಿ ಮೇಲೇ ಅಲ್ವಾ? ಆದರೆ ಅಳೆಯದೆ ಸುಮ್ನೆ ಹೊಸದು ತರಿಸುವುದು ನನಗೆ ಇಷ್ಟವಿಲ್ಲ.

ವಿದ್ಯುತ್ ಅಳೆಯುವ ಮಲ್ಟಿಮೀಟರ್‌ನಲ್ಲಿ ಅಡಾಪ್ಟರ್ 19.5 ವೋಲ್ಟ್ ತೋರಿಸಿತು, ಅಂದರೆ ವೋಲ್ಟೇಜ್ ಸರಿಯಿದೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ಪ್ರಕಾರ ಬ್ಯಾಟರಿಯಲ್ಲಿ ಇನ್ನೂ ಮುಕ್ಕಾಲು ಪಾಲು ಕಸುವಿದೆ. ರೀಸೆಟ್ ಆಗಲಿ ಅಂತ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ, ಪ್ರಯೋಜನವಾಗಲಿಲ್ಲ.

ಸುಳಿವು ಸಿಕ್ಕಿದ್ದು ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲೇ ಓಡುವ ಮೂಲ ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್ ಪರದೆಯಲ್ಲಿ. 65 ವ್ಯಾಟ್ ಎಂದಿರಬೇಕಾದ ಕಡೆ ಅಡಾಪ್ಟರ್ 'ಅನ್‌ನೋನ್' ಎಂದಿತ್ತು. ಇದರ ದುಂಡು ಪಿನ್ನಿಗೆ ಮೂರು ಸಂಪರ್ಕ. ಹೊರಗಿನ ಲೋಹ ಗ್ರೌಂಡ್ (ಮೈನಸ್), ಒಳಗಿನದು 19.5 ವೋಲ್ಟ್, ನಟ್ಟನಡುವಿನ ಸಣ್ಣ ಕಡ್ಡಿ ಮಾಹಿತಿಗೆ. ತಾನು ಎಷ್ಟು ವ್ಯಾಟ್ ಕೊಡಬಲ್ಲೆ ಅಂತ ಅಡಾಪ್ಟರ್‌ನ ಪುಟ್ಟ ಚಿಪ್ ಈ ಕಡ್ಡಿಯ ಮೂಲಕವೇ ತಿಳಿಸುವುದು. ಅದು ತಿಳಿಯದಿದ್ದರೆ ಲ್ಯಾಪ್‌ಟಾಪ್ ಪ್ರೊಸೆಸರ್ ವೇಗ ತಗ್ಗಿಸಿ, ಚಾರ್ಜಿಂಗನ್ನೂ ನಿಲ್ಲಿಸುತ್ತದೆ. ಕಡಿಮೆ ಶಕ್ತಿಯ ಅಡಾಪ್ಟರ್ ಮೇಲೆ ಹೊರೆ ಬೀಳದಿರಲಿ ಅಂತ ಮಾಡಿದ್ದು, ಒಳ್ಳೆಯ ಏರ್ಪಾಡೇ. ಆದರೆ 'ಮಾಹಿತಿ ವೈರ್ ತುಂಡಾಗಿದೆ' ಅಂತ ಅದು ಎಲ್ಲೂ ಹೇಳುವುದಿಲ್ಲ. ಹೀಗಾಗಿ ಎಷ್ಟೋ ಚೆನ್ನಾಗಿರುವ ಬ್ಯಾಟರಿಗಳು ಕಸಕ್ಕೆ ಹೋಗುತ್ತವೆ ಅನ್ನಿಸುತ್ತದೆ.

ಅದೇ ಮಾದರಿಯ ಬೇರೆ ಅಡಾಪ್ಟರ್ ಹಾಕಿದರೂ ಅದೇ 'ಅನ್‌ನೋನ್'. ಅಂದರೆ ತೊಂದರೆ ಲ್ಯಾಪ್‌ಟಾಪ್ ಒಳಗೇ ಇದೆ. ತಳದ ಕವರ್ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೆದೆ. ಮದರ್‌ಬೋರ್ಡ್ ಕಡೆಯ ಪ್ಲಗ್ ಬಿಡಿಸಿ, ಚಾರ್ಜಿಂಗ್ ಜ್ಯಾಕ್‌ನ ವೈರ್‌ಗಳನ್ನು ಮಲ್ಟಿಮೀಟರ್‌ನ ಬೀಪ್ ಮೋಡ್‌ನಲ್ಲಿ ನೋಡಿದೆ; ವೈರ್ ತುಂಡಾಗಿರದಿದ್ದರೆ ಅದು ಬೀಪ್ ಅನ್ನುತ್ತದೆ. ದಪ್ಪ ವೈರ್‌ಗಳು ಸರಿಯಾಗಿದ್ದವು. ಮಾಹಿತಿಯ ತೆಳು ವೈರ್ ಅಲುಗಾಡಿಸಿದಾಗ ಮಾತ್ರ ಬೀಪ್ ಬಂದು ನಿಲ್ಲುತ್ತಿತ್ತು. ಅದು ಹಿಂಜ್ ಪಕ್ಕದಲ್ಲೇ ಹಾದುಹೋಗುತ್ತದೆ. ಪರದೆ ತೆರೆದು ಮುಚ್ಚಿದಂತೆಲ್ಲ ಬಾಗಿ ಬಾಗಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ತುಂಡಾಗಿದೆ.

ಬೆಸುಗೆ ಹಾಕಬಹುದಿತ್ತು. ಆದರೆ ಬಾಗುವ ಜಾಗದಲ್ಲಿ ಬೆಸುಗೆ ಬಾಳಿಕೆ ಬರುವುದು ಕಷ್ಟ. ವೈರ್ ಸಮೇತ ಜ್ಯಾಕ್ ಬಿಡಿಯಾಗಿ ಸಿಗುತ್ತದೆ, ಅದನ್ನೇ ತರಿಸಿ ಕೂರಿಸಿದೆ. ಈಗ ಬಯೋಸ್ 65 ವ್ಯಾಟ್ ತೋರಿಸುತ್ತಿದೆ, ಬ್ಯಾಟರಿಯೂ ಏರುತ್ತಿದೆ. ಹೊಸ ವೈರನ್ನು ಹಿಂಜ್‌ನಿಂದ ದೂರ ಸರಿಸಿ ಟೇಪ್ ಹಾಕಿದ್ದೇನೆ. ಪೂರ್ತಿ ಚಾರ್ಜ್ ಆಗುವವರೆಗೆ ಜ್ಯಾಕ್ ಬಿಸಿಯಾಗುತ್ತದೆಯೇ ಎಂದು ನೋಡುವುದೊಂದು ಬಾಕಿ.