ಹೆಚ್ಚಿನ ಅಕ್ಕಿ

ಶ್ರಾವಣದ ಎರಡನೇ ಸೋಮವಾರ ಗುರುಗುಂಟಾ ಅಮರೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದೆ. ಮಗಳ ಪರೀಕ್ಷೆಗೆಂದು ಹೊತ್ತ ಹರಕೆ. ಅವಳು ಪಾಸಾಗಿ ವರ್ಷವಾಯಿತು, ನನಗೆ ರಜೆ ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ ಕೇಳಿಯೇ ಇರಲಿಲ್ಲ.

ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿದರೆ ಕಂಡದ್ದು ಕಚೇರಿಯ ಮೇಜಿನ ಮೇಲೆ ಬಿಟ್ಟು ಬಂದ ಕಡತ. ಜೇಬಿನಲ್ಲಿ ಮೊಬೈಲ್ ನಡುಗುತ್ತಲೇ ಇತ್ತು. ಇದೇ ಅಮರೇಶ್ವರನನ್ನು ತನ್ನ ವಚನಗಳ ಅಂಕಿತವಾಗಿಟ್ಟುಕೊಂಡ, ಬಿದ್ದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣ ಆಯ್ದಕ್ಕಿ ಮಾರಯ್ಯ, ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂದ. 12ನೇ ಶತಮಾನದಲ್ಲಿ ಎಂಥ ಎದೆಗಾರಿಕೆ! ನನ್ನದು ತಿರುವುಮುರುವು: ಕಚೇರಿಯಲ್ಲಿ ಕೂತರೆ ನಿವೃತ್ತಿಯ ಲೆಕ್ಕ, ಲಿಂಗದೆದುರು ನಿಂತರೆ ಕಚೇರಿಯ ಲೆಕ್ಕ.

ಮಾರಯ್ಯನ ಕಥೆಯನ್ನು ಅಜ್ಜಿ ಮೊರ ಹಿಡಿದೇ ಹೇಳುತ್ತಿದ್ದಳು. ಕಲ್ಲು ಆರಿಸಿ ಮುಗಿದ ಮೇಲೆ ನಡುಬೆರಳನ್ನು ನೀರಿಗೆ ಅದ್ದಿ, ಶಹಾಬಾದಿ ಕಲ್ಲಿನ ಸಂದಿಗೆ ಬಿದ್ದ ಅಕ್ಕಿಯನ್ನು ಒಂದೊಂದೇ ಕಾಳು ಒತ್ತಿ ಎತ್ತುವಳು. ಬೆರಳ ತುದಿಯಲ್ಲಿ ಅಕ್ಕಿ, ಬಾಯಲ್ಲಿ ಮಾರಯ್ಯನ ಹೆಂಡತಿ ಲಕ್ಕಮ್ಮ. ಗಂಡ ಒಂದು ದಿನ ಬಸವಣ್ಣನ ಮಹಾಮನೆಯ ಅಂಗಳದಿಂದ ಎಂದಿಗಿಂತ ಹೆಚ್ಚು ಆಯ್ದು ತಂದ. ಇಷ್ಟು ಅಕ್ಕಿಯ ಆಸೆ ನಿಮಗೇಕೆ, ಎತ್ತಿದಲ್ಲೇ ಸುರಿದು ಬನ್ನಿ ಎಂದಳು ಹೆಂಡತಿ. ಇಲ್ಲಿಗೆ ಅಜ್ಜಿ ನಿಲ್ಲಿಸಿ ಕೇಳುತ್ತಿದ್ದಳು: "ತಿರುಗಿ ಹೋಗುವಾಗ ಅವನ ಮನಸ್ಸು ಹೇಗಿತ್ತು, ಹೇಳು?"

"ಸಿಟ್ಟು ಬಂದಿತ್ತು."

"ಹೋಗುವಾಗ ಸಿಟ್ಟು. ಸುರಿದು ಬರುವಾಗ?"

ಉತ್ತರ ಹೊಳೆಯಲು ನನಗೆ ಐವತ್ತು ದಾಟಬೇಕಾಯಿತು. ಬಿಡುಗಡೆ ಎಂದರೆ ಕೆಲಸ ಬಿಡುವುದು ಎಂದುಕೊಂಡಿದ್ದೆ. ಮಾರಯ್ಯ ಮರುದಿನವೂ ಅಕ್ಕಿ ಆಯಲು ಹೋಗಿಯೇ ಇರುತ್ತಾನಲ್ಲ! ನಮ್ಮ ಲಿಂಗಸುಗೂರು ತಾಲ್ಲೂಕಿನ ಮಕ್ಕಳಿಗೆ ಹಟ್ಟಿಯ ಚಿನ್ನದ ಗಣಿ ಗೊತ್ತು, ಆಯ್ದಕ್ಕಿ ದಂಪತಿಯ ನೆಲ ಇದೇ ಎಂಬುದು ಗೊತ್ತಿಲ್ಲ. ಹೇಳಬೇಕಾದ ನಾವೇ ಹೇಳಲಿಲ್ಲ, ಬಿಡಿ.

ಪ್ರಸಾದಕ್ಕೆ ಅನ್ನ ಸಾರು. ಬಡಿಸುವ ಹುಡುಗ ಎರಡನೇ ಸಲ ಬಂದಾಗಲೂ ತಟ್ಟೆ ಒಡ್ಡಿದೆ. ಹಸಿವೇನೂ ಇರಲಿಲ್ಲ, ರೂಢಿ. ಆಚೆ ಕೈತೊಳೆಯುವ ಕಡೆ ಬಕೆಟ್ಟಿನ ತುಂಬ ಜನ ಬಿಟ್ಟೆದ್ದ ಅನ್ನ. ಸುರಿದು ಬನ್ನಿ ಎಂದು ಲಕ್ಕಮ್ಮ ಹೇಳಿದ್ದು ಅಲ್ಲಿಗಲ್ಲವಲ್ಲ. ತಲೆ ತಗ್ಗಿಸಿ ಉಣ್ಣತೊಡಗಿದೆ. ತಟ್ಟೆಯ ಅಂಚಿಗೆ ಅಂಟಿದ್ದ ಅಗುಳುಗಳನ್ನು ನಡುಬೆರಳಿನಿಂದ ಒತ್ತಿ ಎತ್ತುತ್ತಿದ್ದಾಗ ಮೊಬೈಲ್ ಮತ್ತೆ ನಡುಗಿತು.

ಕೈ ಎಂಜಲಾಗಿತ್ತು.